ಇನ್ನೂರ ಹದಿನಾಲ್ಕನೇ ಬಿಲ್ಲೆ

ಕಳೆದ ತಿಂಗಳು, ತಿರುಪ್ಪೂರಿನಲ್ಲಿ ನಾನು ಈಗ ಕೆಲಸ ಮಾಡುವ ಬನಿಯನ್ ಕಂಪನಿಯ ಗೇಟಿನಲ್ಲಿ, ಒಬ್ಬ ಹೆಂಗಸಿನ ಬೆರಳನ್ನು ಹಾಜರಿ ಯಂತ್ರ ಒಪ್ಪಲಿಲ್ಲ. ಹೊಸದಾಗಿ ಸೇರಲು ಬಂದವಳು. ಮೊದಲು ನೂಲಿನ ಮಿಲ್ಲಿನಲ್ಲಿ ದುಡಿದಿದ್ದಾಳೆಂದು ಅರ್ಜಿಯಲ್ಲಿತ್ತು. ಬಲಗೈ ಹೆಬ್ಬೆರಳು ಇಟ್ಟಳು, ಕೆಂಪು ದೀಪ. ತೋರುಬೆರಳು ಇಟ್ಟಳು, ಮತ್ತೆ ಕೆಂಪು ದೀಪ. ಹೊರಗೆ ಮಳೆ ಹನಿಯುತ್ತಿತ್ತು. ಅವಳು ಬೆರಳನ್ನು ಸೆರಗಿಗೆ ಉಜ್ಜಿಕೊಂಡಾಗ ಒದ್ದೆ ಹತ್ತಿಯ ವಾಸನೆ ಬಂತು. “ಎಡಗೈ ಕೊಡಿ” ಎಂದೆ. ಅವಳು ಕೈ ಚಾಚಿದಳು, ನಾನು ಹಿಡಿದುಕೊಳ್ಳಲಿಲ್ಲ. ಪಕ್ಕದ ಮೇಜಿನವರಿಗೆ ನೋಡಿಕೊಳ್ಳಲು ಹೇಳಿ ಒಳಗೆ ಹೋಗಿ ಕುಳಿತೆ.

ನಾನೂ ಒಂದು ನೂಲಿನ ಮಿಲ್ಲಿನಲ್ಲಿದ್ದ ವರ್ಷದ ಬಗ್ಗೆ ಒಂದು ಸರ್ಕಾರಿ ಕಚೇರಿಯಲ್ಲಿ ಹೇಳಿಕೆ ಕೊಟ್ಟಿದ್ದೇನೆ. ಅಲ್ಲಿ ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಬೇಕಿತ್ತು. ಅವರು ಕೇಳದೆ ಬಿಟ್ಟದ್ದನ್ನೂ ಸೇರಿಸಿ, ನಡೆದ ಕ್ರಮದಲ್ಲೇ ಇಲ್ಲಿ ಬರೆಯುತ್ತೇನೆ. ನೆನಪಿಲ್ಲದ್ದನ್ನು ನೆನಪಿಲ್ಲವೆಂದೇ ಬರೆಯುತ್ತೇನೆ.

ನಾನು ಕೊಳ್ಳೇಗಾಲದ ಕಡೆಯವಳು. ಮದುವೆಯಾಗಿ ಕೊಯಮತ್ತೂರಿನ ಹತ್ತಿರದ ಸೋಮನೂರಿಗೆ ಬಂದೆ. ಗಂಡನ ಮನೆಯವರು ತಲೆಮಾರುಗಳಿಂದ ಇಲ್ಲಿಯ ನೇಕಾರರು. ಮನೆಯ ಹಿಂದೆ ತಗಡಿನ ಶೆಡ್ಡು, ಅದರಲ್ಲಿ ನಾಲ್ಕು ಪವರ್‌ಲೂಮು. ಆ ಸದ್ದಿನ ಮೇಲೆ ದನಿ ಏರಿಸಿ ಮಾತಾಡಿ ರೂಢಿಯಾದ ಮನೆ. ಮಾತು ಕನ್ನಡ, ಆದರೆ ಅದರಲ್ಲಿ ಅರ್ಧ ತಮಿಳು. ಕನ್ನಡ ಅಕ್ಷರ ಯಾರಿಗೂ ಗೊತ್ತಿಲ್ಲ. ನಾನು ಸಾಮಾನಿನ ಚೀಟಿ ಬರೆಯುವುದನ್ನು ನೋಡಿ ಅತ್ತೆ, “ಏನೇ ಇದು, ಇರುವೆ ಸಾಲು ಹೋದಂಗೈತೆ. ಇದನ್ನ ಅಂಗಡಿಯವನು ಹೆಂಗ್ ಓದ್ತಾನೆ?” ಎಂದು ನಗುತ್ತಿದ್ದರು.

ಆಡಿ ತಿಂಗಳ, ನಮ್ಮ ಆಷಾಢದ, ಗಾಳಿಯಲ್ಲಿ ನನಗೆ ಆ ಮಿಲ್ಲಿನಲ್ಲಿ ಕೆಲಸ ಸಿಕ್ಕಿತು. ಪಾಲಕ್ಕಾಡಿನ ಕಡೆಯಿಂದ ಬರುವ ಆ ಗಾಳಿಗೆ ಮಿಲ್ಲಿನ ಅಂಗಳದಲ್ಲಿ ಹತ್ತಿಯ ಧೂಳು ಎದ್ದು, ಬೇವಿನ ಮರಗಳ ಒಂದು ಮಗ್ಗುಲಿಗೆ ಬೆಳ್ಳಗೆ ಅಂಟಿಕೊಂಡಿರುತ್ತಿತ್ತು. ಕೆಲಸಗಾರರ ಹಳೆಯ ರಿಜಿಸ್ಟರುಗಳನ್ನು ಹೊಸ ಸಾಫ್ಟ್‌ವೇರಿಗೆ ಏರಿಸುವುದು ನನ್ನ ಕೆಲಸ. ಅದನ್ನು ಕಲಿಸಲು ಚೆನ್ನೈನಿಂದ ಒಬ್ಬರು ಬಂದು ಎರಡು ದಿನ ಇದ್ದರು. ಅವರು ಹೇಳಿಕೊಟ್ಟದ್ದು ಇಷ್ಟು: ಒಬ್ಬ ಮನುಷ್ಯನಿಗೆ ಒಂದು ಪುಟ. ಸೇರಿದ್ದು, ಖಾಯಂ ಆದದ್ದು, ವಿಭಾಗ ಬದಲಾದದ್ದು, ರಜೆಗೆ ಹೋದದ್ದು, ರಜೆಯಿಂದ ಬಂದದ್ದು, ಕೆಲಸ ಬಿಟ್ಟದ್ದು, ಸತ್ತದ್ದು, ಪ್ರತಿಯೊಂದಕ್ಕೂ ಒಂದು ಸಾಲು. ಪ್ರತಿ ಸಾಲಿಗೂ ಎರಡು ದಿನಾಂಕ. ಸಂಗತಿ ಯಾವ ದಿನದಿಂದ ಜಾರಿಗೆ ಬಂತು ಎಂಬುದು ಒಂದು, ಅದನ್ನು ನಾವು ಹಾಕಬೇಕು. ಆ ಸಾಲನ್ನು ಯಾರು ಯಾವ ದಿನ ಬರೆದರು ಎಂಬುದು ಇನ್ನೊಂದು, ಅದನ್ನು ಸಾಫ್ಟ್‌ವೇರ್ ತಾನೇ ಹಾಕಿಕೊಳ್ಳುತ್ತದೆ. “ಎರಡನೆಯದನ್ನು ನೀವು ಮುಟ್ಟೋಕಾಗಲ್ಲ” ಎಂದರು. ಪ್ರಿಂಟ್ ತೆಗೆದರೆ ಮೊದಲನೆಯದು ಮಾತ್ರ ಬರುತ್ತದೆ. ಎರಡನೆಯದು ಬೇಕಾದರೆ ಬೇರೆ ಪುಟ ತೆರೆಯಬೇಕು. ನಾನು ಇದನ್ನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ಬೇಗ ಬರೆಯಲು ನನಗೆ ಬರುವುದು ಆ ಲಿಪಿಯೊಂದೇ.

ಆದರೆ ಆ ಮಿಲ್ಲಿನಲ್ಲಿ ಲೆಕ್ಕಕ್ಕಿದ್ದದ್ದು ಮನುಷ್ಯರಲ್ಲ, ಬಿಲ್ಲೆ. ನಂಬರು ಕೆತ್ತಿದ ಹಿತ್ತಾಳೆಯ ಬಿಲ್ಲೆ. ಒಳಗೆ ಬರುವಾಗ ಗೇಟಿನ ಹಲಗೆಯಿಂದ ತೆಗೆದುಕೊಂಡು, ಹೋಗುವಾಗ ಅದೇ ಮೊಳೆಗೆ ತೂಗುಹಾಕಬೇಕು. ನೂಲು ತೆಗೆಯುವ ಫ್ರೇಮಿನ ಮುಂದೆ ಒಂದು ಜಾಗ ಎಂದರೆ ಒಂದು ಬಿಲ್ಲೆ. ಅದು ಒಂದು ಸಲ ಒಂದು ಮನೆಗೆ ಸಿಕ್ಕಿತೆಂದರೆ ಆ ಮನೆಯದೇ. ತಾಯಿಗೆ ಆಗದಿದ್ದರೆ ಮಗಳು, ಅಕ್ಕ ಮದುವೆಯಾಗಿ ಹೋದರೆ ತಂಗಿ. ರಿಜಿಸ್ಟರಿನಲ್ಲಿ ಹೆಸರು ಬದಲಾಗುವುದಿಲ್ಲ. ಮೊದಲು ಬಂದವಳ ಹೆಸರಿನಿಂದಲೇ ನಂತರ ಬಂದವಳನ್ನೂ ಕರೆಯುತ್ತಾರೆ, ಅವಳೂ ಓಗೊಡುತ್ತಾಳೆ. ಇದು ಮೋಸವೆಂದು ಅಲ್ಲಿ ಯಾರಿಗೂ ಅನ್ನಿಸಿದ್ದಿಲ್ಲ. ಮೇಸ್ತ್ರಿ ಪಳನಿಸಾಮಿಯವರನ್ನು ನಾನು ಕೇಳಿದಾಗ ತಮಿಳಿನಲ್ಲಿ ಹೇಳಿದರು: “ಆಮಾಂಗ ಮೇಡಂ, ಅದು ಹಾಗೇ. ಫ್ರೇಮಿಗೆ ಎರಡು ಕೈ ಬೇಕು. ಕೈಗೆ ಹೆಸರು ಇರತ್ತಾ?”

ಪುರಟ್ಟಾಸಿ ತಿಂಗಳ ಹೊತ್ತಿಗೆ, ಸೆಪ್ಟೆಂಬರ್ ಕೊನೆಯಲ್ಲಿ, ಬಿಲ್ಲೆಗಳು ಹೋಗಿ ಬೆರಳಿನ ಯಂತ್ರ ಬಂತು. ವಾಚ್‌ಮನ್ ಕೋಣೆಯಲ್ಲಿ ಒಂದು ಮೇಜು ಹಾಕಿಕೊಂಡು ನಾನು ಒಬ್ಬೊಬ್ಬರ ಬೆರಳನ್ನು ತೆಗೆದುಕೊಳ್ಳುತ್ತಿದ್ದೆ. ಬೆರಳು ಕೊಟ್ಟವರು ಬಿಲ್ಲೆಯನ್ನು ಪಕ್ಕದ ಗೋಣಿಚೀಲಕ್ಕೆ ಹಾಕಬೇಕು. ಫ್ರೇಮಿನ ಹೆಂಗಸರು ದಿನವಿಡೀ ಕಡಿದ ಎಳೆಗಳನ್ನು ಕೂಡಿಸುತ್ತಾರೆ. ಓಡುವ ನೂಲನ್ನು ಬೆರಳ ತುದಿಯಲ್ಲಿ ಹಿಡಿದು ಹಿಡಿದು ಅವರ ಹೆಬ್ಬೆರಳು, ತೋರುಬೆರಳುಗಳ ಗೆರೆ ಸವೆದು ನುಣ್ಣಗಾಗಿರುತ್ತವೆ. ಯಂತ್ರ ಒಪ್ಪುತ್ತಿರಲಿಲ್ಲ. ಅಂಥವರಿಗೆ ಬೇರೆ ಬೆರಳು ಹುಡುಕಬೇಕಿತ್ತು. ಯಾರದು ಯಾವ ಬೆರಳೆಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಮರುದಿನ ಅವರೇ ಮರೆತು ಗೇಟಿನಲ್ಲಿ ಸಾಲು ನಿಂತುಬಿಡುತ್ತಿತ್ತು.

ಇನ್ನೂರ ಹದಿನಾಲ್ಕರವಳು ಬಂದಾಗ ನಾನು ತಮಿಳಿನಲ್ಲಿ ಹೆಸರು ಕೇಳಿದೆ. “ಧನಲಕ್ಷ್ಮಿ” ಎಂದಳು. ಇಪ್ಪತ್ತನಾಲ್ಕು ಇಪ್ಪತ್ತೈದರ ವಯಸ್ಸು, ತಲೆಗೆ ಕಟ್ಟಿದ ಬಟ್ಟೆಯ ಅಂಚಿನಲ್ಲಿ ಹತ್ತಿ. ಬಲಗೈಯ ಐದೂ ಬೆರಳು ಕೆಂಪು ದೀಪ. ಅಷ್ಟರಲ್ಲಿ ಅತ್ತೆಯ ಫೋನು ಬಂತು. ಕರಿಬೇವು ತರಬೇಕಂತೆ. ನಾನು ಮಾತಾಡಿ ಮುಗಿಸಿ ತಲೆಯೆತ್ತಿದರೆ ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

“ಅಕ್ಕಾ, ನೀವು ನಮ್ಮಾತು ಆಡ್ತೀರಾ! ಇಷ್ಟ್ ದಿನ ತಮಿಳ್ನಾಗೇ ಅಧಿಕಾರ ಮಾಡ್ತಿದ್ರಿ.”

“ನೀನು ಯಾವ ಕಡೆ?”

“ಸೋಮನೂರೇ. ಆದ್ರೆ ನಿಮ್ ಮಾತು ನಮ್ಮಂಗಿಲ್ಲ. ಟೀವೀಲಿ ಸುದ್ದಿ ಓದ್ತಾರಲ್ಲ, ಅಂಗೈತೆ. ಕರಿಬೇವು ಕೇಳೋಕೂ ಸುದ್ದಿ ಓದ್ತೀರಲ್ಲಕ್ಕಾ.”

ನನಗೂ ನಗು ಬಂತು. ಎಡಗೈ ಹಿಡಿದುಕೊಂಡೆ. ಹೆಬ್ಬೆರಳು ಆಗಲಿಲ್ಲ, ತೋರುಬೆರಳು ಆಗಲಿಲ್ಲ, ನಡುಬೆರಳು ಆಗಲಿಲ್ಲ. ಉಂಗುರ ಬೆರಳನ್ನು ನನ್ನ ಕರವಸ್ತ್ರದಿಂದ ಒರೆಸಿ, ಅದರ ಉಗುರಿನ ಮೇಲೆ ನನ್ನ ಬೆರಳಿಟ್ಟು ಒತ್ತಿದೆ. ಹಸಿರು ದೀಪ ಹತ್ತಿತು.

“ಅದೊಂದು ಬೆರಳಿಗೆ ಕೆಲ್ಸ ಇಲ್ಲ ಅಕ್ಕಾ, ಸುಮ್ಮಾ ಕೂತೈತೆ” ಎಂದಳು. ಆಮೇಲೆ ಬಾಗಿಲ ಕಡೆ ನೋಡಿ, ಕನ್ನಡದಲ್ಲೇ, ದನಿ ಇಳಿಸದೆ ಹೇಳಿದಳು. ಕನ್ನಡದಲ್ಲಿ ಹೇಳುವುದೇ ಅಲ್ಲಿ ದನಿ ಇಳಿಸಿದಂತೆ. “ಧನಲಕ್ಷ್ಮಿ ನಮ್ಮಕ್ಕನ ಪೇರು. ನಾನು ಸುಧಾ.”

ಅಕ್ಕನಿಗೆ ಹೆರಿಗೆಯಾದ ಮೇಲೆ ಅವಳು ಮತ್ತೆ ಮಿಲ್ಲಿಗೆ ಬರಲಿಲ್ಲವಂತೆ. ಹೆರಿಗೆ ರಜೆ ಮುಗಿದ ದಿನ ತಂಗಿ ಬಂದು ಮೊಳೆಯಿಂದ ಬಿಲ್ಲೆ ತೆಗೆದುಕೊಂಡು ಫ್ರೇಮಿನ ಮುಂದೆ ನಿಂತಳು. ನಾಲ್ಕು ವರ್ಷವಾಯಿತು. ನಾನು ಕಂಪ್ಯೂಟರಿನಲ್ಲಿ ಸರಿಮಾಡಲೇ ಎಂದು ಕೇಳಿದೆ. ಅಕ್ಕನ ಪುಟ ಮುಚ್ಚಿ, ಇವಳಿಗೆ ಹೊಸ ಪುಟ.

“ಐಯ್ಯೋ ಬ್ಯಾಡಕ್ಕಾ. ಹೊಸಾಳು ಅಂದ್ರೆ ಮತ್ತೆ ಮೊದಲಿಂದ. ಮೂರು ಶಿಫ್ಟೂ ತಿರುಗಿಸ್ತಾರೆ. ಅಮ್ಮಂಗೆ ಸಕ್ಕರೆ, ಕಾಲಲ್ಲಿ ಹುಣ್ಣು. ನಾನು ರಾತ್ರಿ ಮನೇಲಿ ಇಲ್ಲಾಂದ್ರೆ ಆಗಲ್ಲ. ಈ ಬಿಲ್ಲೆಗೆ ಯಾವಾಗ್ಲೂ ಮೊದಲ ಶಿಫ್ಟು. ಒಂಬತ್ತು ವರ್ಷದ್ದು. ಇರ್ಲಿ ಬಿಡಿ, ಇದ್ದಂಗೇ ಇರ್ಲಿ.”

ಇದ್ದ ಹಾಗೇ ಇರಲಿ ಎಂದು ನಾನೂ ಒಪ್ಪಿಕೊಂಡೆ. ಅವಳಿಗೆ ಉಪಕಾರ ಮಾಡುತ್ತಿದ್ದೇನೆಂದು ತಿಳಿದಿದ್ದೆ. ಅವಳು ಬಿಲ್ಲೆಯನ್ನು ಚೀಲಕ್ಕೆ ಹಾಕಿದಳು. ಅದು ಉಳಿದ ಬಿಲ್ಲೆಗಳ ಮೇಲೆ ಬಿದ್ದ ಸದ್ದು ಕೇಳಿತು. ಆ ಚೀಲ ಮುಂದೆ ಹಿತ್ತಾಳೆಯ ತೂಕಕ್ಕೆ ಹೋಯಿತು.

ಆ ಸಂಜೆ ಅವಳ ಪುಟವನ್ನು ತುಂಬಿದೆ. ಹೆಸರು ಧನಲಕ್ಷ್ಮಿ. ವಿಳಾಸ ಅಕ್ಕನ ಗಂಡನ ಮನೆಯದು. ಫೋಟೋ ತೆಗೆಯುವ ಕ್ಯಾಮೆರಾ ಇನ್ನೂ ಬಂದಿರಲಿಲ್ಲವಾದ್ದರಿಂದ ಹಳೆಯ ಫೈಲಿನ ಅಕ್ಕನ ಫೋಟೋ. ಸೇರಿದ್ದು, ಒಂದು ಸಾಲು. ಖಾಯಂ ಆದದ್ದು, ಒಂದು ಸಾಲು. ಹೆರಿಗೆ ರಜೆಗೆ ಹೋದದ್ದು, ಒಂದು ಸಾಲು. ರಜೆಯಿಂದ ಬಂದದ್ದು, ಒಂದು ಸಾಲು. ಹೋದವಳು ಒಬ್ಬಳು, ಬಂದವಳು ಇನ್ನೊಬ್ಬಳು ಎಂದು ಗೊತ್ತಿದ್ದೂ ಆ ಎರಡು ಸಾಲುಗಳನ್ನು ಒಂದರ ಕೆಳಗೊಂದು ಹಾಕಿದೆ. ಪರದೆಯ ಮೇಲೆ ಎಲ್ಲವೂ ಕ್ರಮವಾಗಿ ಕಾಣುತ್ತಿತ್ತು. ನೋಟ್‌ಬುಕ್ಕಿನಲ್ಲಿ ಮಾತ್ರ, ಬೆರಳಿನ ಪಟ್ಟಿಯಲ್ಲಿ, ಕೇಳಿಸಿಕೊಂಡ ಹೆಸರನ್ನೇ ಬರೆದಿದ್ದೆ. ಯಾಕೆ ಹಾಗೆ ಬರೆದೆನೆಂದು ಆಮೇಲೆ ಬಹಳ ಯೋಚಿಸಿದ್ದೇನೆ. ವಿಶೇಷ ಕಾರಣವಿಲ್ಲ. ಕನ್ನಡದಲ್ಲಿ ಹೇಳಿದ್ದಳು, ಕನ್ನಡದಲ್ಲಿ ಬರೆದೆ.

ಅಲ್ಲಿಂದ ಒಂದೂವರೆ ತಿಂಗಳು ಅವಳು ಊಟದ ಹೊತ್ತಿನಲ್ಲಿ ಆಗಾಗ ಆಫೀಸಿನ ಕಿಟಕಿಯ ಹತ್ತಿರ ಬರುತ್ತಿದ್ದಳು. ಒಂದು ದಿನ ಅವರಮ್ಮ ಮಾಡಿದ ಕೊಳ್ಳು ರಸಂ ತಂದು ಕೊಟ್ಟಳು. ಹುರುಳಿಯದು. ಒಂದು ದಿನ ತನ್ನ ಪುಟ ತೋರಿಸಿ ಎಂದಳು. ತೋರಿಸಿದೆ. ಅಕ್ಕನ ಫೋಟೋ ನೋಡಿ, “ಮೂಗು ನಂದೇ” ಎಂದು ಹೇಳಿ ಹೋದಳು.

ಐಪ್ಪಸಿ ತಿಂಗಳಲ್ಲಿ ಮಳೆ ಹಿಡಿಯಿತು. ದೀಪಾವಳಿ ಕಳೆದ ಮೇಲೆ ಎಂಟು ದಿನ ಬಿಡದೆ ಸುರಿಯಿತು. ನಮ್ಮ ಶೆಡ್ಡಿನೊಳಗೆ ನೀರು ನುಗ್ಗಿ ಮಗ್ಗಗಳು ನಿಂತವು. ಸೋಮನೂರಿನಲ್ಲಿ ಮಗ್ಗದ ಸದ್ದಿಲ್ಲದ ಬೆಳಗ್ಗೆ ಹೇಗಿರುತ್ತದೆಂದು ನನಗೆ ಗೊತ್ತಾದದ್ದು ಆಗಲೇ. ಗುರುವಾರ ಬೆಳಗ್ಗೆ, ಇನ್ನೂ ಮಬ್ಬು ಇರುವಾಗ, ಮೊದಲ ಶಿಫ್ಟಿನವರನ್ನು ಕರೆತರುತ್ತಿದ್ದ ಮಿಲ್ಲಿನ ವ್ಯಾನು ಕೆರೆ ಏರಿಯ ತಿರುವಿನಲ್ಲಿ ಕೆಟ್ಟು ನಿಂತಿದ್ದ ಲಾರಿಗೆ ಹೊಡೆಯಿತು. ಇಬ್ಬರು ಹೆಂಗಸರಿಗೆ ಕೈಕಾಲು ಮುರಿಯಿತು. ಒಬ್ಬಳು ಸತ್ತಳು.

ನಾನು ಒಂಬತ್ತಕ್ಕೆ ಹೋದಾಗ ಮಿಲ್ಲು ಎಂದಿನಂತೆ ಓಡುತ್ತಿತ್ತು. ನಮ್ಮ ಪರ್ಸನೆಲ್ ಆಫೀಸರ್ ಸುಂದರಂ ಎಂಬವರು. ನನ್ನ ಮೇಲಧಿಕಾರಿ. ಕೂಗಾಡಿದವರಲ್ಲ, ಬೆಳಗ್ಗೆ ಬಂದ ಕೂಡಲೇ ಮೇಜು ತಾವೇ ಒರೆಸಿಕೊಳ್ಳುವವರು. ಅವರು, “ವ್ಯಾನ್ ಡ್ರೈವರ್ ಫೋನ್ ಮಾಡಿದ್ದ. ಸತ್ತದ್ದು ಇನ್ನೂರ ಹದಿನಾಲ್ಕು, ಧನಂ. ಮನೆಗೆ ತಿಳಿಸಬೇಕು, ವಿಳಾಸ ತೆಗೆದುಕೊಡಿ” ಎಂದರು.

ಸತ್ತವಳು ಯಾರೆಂದು ಆ ಕೋಣೆಯಲ್ಲಿ ನನಗೊಬ್ಬಳಿಗೆ ಗೊತ್ತಿತ್ತು. ನಾನು ಪುಟ ತೆರೆದು ವಿಳಾಸವನ್ನು ಪ್ರಿಂಟ್ ತೆಗೆದೆ. ಅಕ್ಕನ ಮನೆಗೆ ಹೋದರೂ ಸುದ್ದಿ ತಲುಪುತ್ತದಲ್ಲ ಎಂದುಕೊಂಡೆ. ಹೊಸದಾಗಿ ಸೇರಿದ್ದ ವಾಚ್‌ಮನ್‌ನನ್ನು ಬೈಕಿನಲ್ಲಿ ಕಳಿಸಿದರು. ಅಲ್ಲಿ ನಡೆದದ್ದನ್ನು ಧನಲಕ್ಷ್ಮಿಯೇ ಮುಂದೆ ನನಗೆ ಹೇಳಿದಳು. ಎರಡನೆಯ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲು ತೆರೆದಳಂತೆ. ವಾಚ್‌ಮನ್ ಮಳೆ ಕೋಟಿನ ಒಳಗಿನಿಂದ ನಾನು ಕೊಟ್ಟ ಕಾಗದ ತೆಗೆದು ಓದಿದ: “ಧನಲಕ್ಷ್ಮಿ ಮನೆ ಇದೇನಾ? ಅವರು ಇವತ್ತು ಬೆಳಗ್ಗೆ ಆಕ್ಸಿಡೆಂಟಲ್ಲಿ ತೀರಿಹೋದ್ರು.” ಅವಳಿಗೆ ಆ ಕ್ಷಣವೇ ಅರ್ಥವಾಯಿತಂತೆ. ಅವನಿಗೆ ಅರ್ಥವಾಗಲಿಲ್ಲ. ನೀವು ಅವರಿಗೆ ಏನಾಗಬೇಕು ಎಂದು ಕೇಳಿದನಂತೆ.

ಅದೇ ಹೊತ್ತಿಗೆ ಆಸ್ಪತ್ರೆಯಿಂದ ಫೋನು ಬಂತು. ಹೆಣದ ಜೊತೆಗಿದ್ದ ಚೀಲದಲ್ಲಿ ಒಂದು ಊಟದ ಡಬ್ಬಿ, ಒಂದು ಆಧಾರ್ ಕಾರ್ಡು. ಕಾರ್ಡಿನಲ್ಲಿ ಸುಧಾ ಎಂದಿದೆ. ಆ ಹೆಸರಿನವರು ನಿಮ್ಮಲ್ಲಿ ಕೆಲಸ ಮಾಡುತ್ತಿದ್ದಾರೆಯೇ? ಸುಂದರಂ ರಿಸೀವರಿಗೆ ಕೈ ಅಡ್ಡ ಹಿಡಿದು, “ಸುಧಾ ಅಂತ ಯಾರಾದರೂ ಇದ್ದಾರಾ ನೋಡಿ” ಎಂದರು. ಹುಡುಕುವ ಚೌಕದಲ್ಲಿ ಆ ಹೆಸರನ್ನು ಬರೆದು ಗುಂಡಿ ಒತ್ತಿದೆ. ಪರದೆ ಒಂದು ಗಳಿಗೆ ಬೆಳ್ಳಗಿತ್ತು. ಈ ಹೆಸರಿನಲ್ಲಿ ಯಾರೂ ಇಲ್ಲ ಎಂದು ಬಂತು.

“ಯಾರೂ ಇಲ್ಲ ಸರ್.”

“ಇಲ್ಲ, ನಮ್ಮಲ್ಲಿ ಆ ಹೆಸರಿನವರಿಲ್ಲ” ಎಂದು ಅವರು ಫೋನಿನಲ್ಲಿ ಹೇಳಿದರು.

ಹೇಳಿಕೆ ಕೊಡುವಾಗ, ಆಗ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದರು. ಹೆದರಿಕೆ ಎಂದೆ. ಅದು ಪೂರ್ತಿ ನಿಜವಲ್ಲ. ಅವಳು ಸತ್ತಳಲ್ಲ ಎಂಬುದಕ್ಕಿಂತ ಮೊದಲು, ನನ್ನ ತಪ್ಪು ಎಂಟ್ರಿ ಹೊರಗೆ ಬರುತ್ತದಲ್ಲ ಎಂದು ನನಗೆ ಅನ್ನಿಸಿತ್ತು. ಎಷ್ಟು ಹೊತ್ತು ಹಾಗೆ ಅನ್ನಿಸಿತೆಂದು ಹೇಳಲಾರೆ. ಅನ್ನಿಸಿದ್ದು ನಿಜ.

ಮಧ್ಯಾಹ್ನ ಮೇಸ್ತ್ರಿ ಪಳನಿಸಾಮಿಯವರನ್ನು ಕರೆಸಿ ಸುಂದರಂ ಬಾಗಿಲು ಹಾಕಿಕೊಂಡರು. ಮೇಸ್ತ್ರಿ ಹೊರಗೆ ಬಂದವರು ನನ್ನನ್ನು ನೋಡಲಿಲ್ಲ.

ಶನಿವಾರ ತಾಯಿ ಬಂದರು. ನಾಗಮ್ಮ ಎಂದು ಹೆಸರು. ಒಂದು ಕಾಲಿಗೆ ಬಟ್ಟೆ ಸುತ್ತಿತ್ತು. ಧನಲಕ್ಷ್ಮಿ ತೋಳು ಹಿಡಿದುಕೊಂಡಿದ್ದಳು. ಮಗಳು ಇಲ್ಲಿ ಕೆಲಸ ಮಾಡುತ್ತಿದ್ದಳು, ಕೆಲಸಕ್ಕೆ ಬರುವಾಗ ಸತ್ತಳು ಎಂದು ಮಿಲ್ಲಿನವರು ಬರೆದುಕೊಡಬೇಕು, ಅಷ್ಟೇ ಅವರು ಕೇಳಿದ್ದು. ಸುಂದರಂ ಅವರನ್ನು ಕೂರಿಸಿ ನೀರು ತರಿಸಿದರು. ಆಮೇಲೆ ಮೆಲ್ಲಗೆ, ಒಂದೊಂದೇ ಮಾತು ಬಿಡಿಸಿ ಹೇಳಿದರು. ಸುಧಾ ಎಂಬ ಕೆಲಸಗಾರ್ತಿ ಈ ಮಿಲ್ಲಿನಲ್ಲಿ ಇಲ್ಲ. ಮಳೆ ಎಂದು ಡ್ರೈವರ್ ಕನಿಕರಪಟ್ಟು ಯಾರನ್ನೋ ಹತ್ತಿಸಿಕೊಂಡಿದ್ದಾನೆ. ಅಕ್ಕನ ಹೆಸರಿನಲ್ಲಿ ತಂಗಿ ದುಡಿಯುತ್ತಿದ್ದಳು ಎನ್ನುವುದಾದರೆ ಅದು ಆಳ್‌ಮಾರಾಟ್ಟಂ, ಒಬ್ಬರ ವೇಷದಲ್ಲಿ ಇನ್ನೊಬ್ಬರು ಬಂದ ಮೋಸ. ಕೇಸಾದರೆ ಬದುಕಿರುವ ಧನಲಕ್ಷ್ಮಿಯ ಮೇಲೇ ಆಗುತ್ತದೆ.

“ಕೈಕೂಸು ಇಟ್ಟುಕೊಂಡು ಸ್ಟೇಷನ್ ಅಲೆಯೋದು ಬೇಡಮ್ಮಾ” ಎಂದರು. ಆ ಮಾತನ್ನು ಅವರು ನಿಜವಾದ ಕಾಳಜಿಯಿಂದ ಹೇಳಿದಂತೆಯೇ ಕೇಳಿಸಿತು.

ನಾಗಮ್ಮ ನೀರು ಮುಟ್ಟಲಿಲ್ಲ. ಧನಲಕ್ಷ್ಮಿ ತೋಳು ಹಿಡಿದು ಎಬ್ಬಿಸಿದಳು. ಹೋದರು.

ಅವರು ಗೇಟು ದಾಟುವುದನ್ನು ಕಿಟಕಿಯಿಂದ ನೋಡಿ, ಸುಂದರಂ ನನ್ನ ಕುರ್ಚಿಯ ಹಿಂದೆ ಬಂದು ನಿಂತರು. “ಧನಲಕ್ಷ್ಮಿ ಪುಟ ತೆರೆಯಿರಿ. ಸ್ಟೇಟಸ್ ಬದಲಾಯಿಸಬೇಕು. ತಾನಾಗಿ ಕೆಲಸ ಬಿಟ್ಟಿದ್ದಾಳೆ. ಬುಧವಾರದಿಂದ.”

ವ್ಯಾನು ಹೊಡೆದದ್ದು ಗುರುವಾರ. “ಬುಧವಾರ ಅವರು ಪೂರ್ತಿ ಶಿಫ್ಟು ಮಾಡಿದ್ದಾರೆ ಸರ್” ಎಂದೆ. ನನ್ನ ದನಿ ನನಗೇ ಕೇಳಿಸುವಷ್ಟಿತ್ತು.

“ಶಿಫ್ಟು ಮುಗಿಸಿ ಬಿಟ್ಟಳು. ಎಂಟ್ರಿ ಎಲ್ಲ ನಿಮ್ಮದೇ ಅಲ್ಲವಾ? ಒಂಬತ್ತು ವರ್ಷ ಒಬ್ಬಳೇ ಅಂತ ಹಾಕಿದ್ದು ನೀವು. ನಾನು ಕೇಳಿದೆನಾ ಯಾಕೆ ಹಾಗೆ ಹಾಕಿದಿರಿ ಅಂತ?”

ಹಾಕಿದೆ. ಜಾರಿಯ ದಿನ, ಬುಧವಾರ. ಕಾರಣ, ಸ್ವಂತ ಇಚ್ಛೆ. ಉಳಿಸು ಎಂದು ಒತ್ತಿದ ಮೇಲೆ ಸಾಫ್ಟ್‌ವೇರ್ ಒಂದು ಪ್ರಶ್ನೆ ಕೇಳಿತು. ಕೆಲಸ ಬಿಟ್ಟವರ ಬೆರಳಚ್ಚನ್ನು ಅಳಿಸಬೇಕೇ? ಹೌದು, ಇಲ್ಲ. ಆ ಪುಟದಲ್ಲಿ ಅಕ್ಕನ ಹೆಸರಿತ್ತು, ಅಕ್ಕನ ಫೋಟೋ ಇತ್ತು, ಅಕ್ಕನ ವಿಳಾಸ ಇತ್ತು. ತಂಗಿಯದೆಂದು ಇದ್ದದ್ದು ಆ ಬೆರಳೊಂದೇ. ನಾನು ಕರವಸ್ತ್ರದಿಂದ ಒರೆಸಿ, ಒತ್ತಿ ಹಿಡಿದು ತೆಗೆದುಕೊಂಡ ಬೆರಳು.

“ಅಳಿಸಿ. ಬಿಟ್ಟುಹೋದವರ ಬೆರಳು ನಮಗ್ಯಾಕೆ?” ಎಂದರು ಸುಂದರಂ.

ಅವರಿಗೆ ಅದರ ಅರ್ಥ ಗೊತ್ತಿತ್ತೇ, ಸುಮ್ಮನೆ ಹೇಳಿದರೇ, ನನಗೆ ಗೊತ್ತಿಲ್ಲ. ನನಗೆ ಗೊತ್ತಿತ್ತು. ಹೌದು ಎಂಬಲ್ಲಿ ಒತ್ತಿದೆ. ಅಳಿಸಲಾಗಿದೆ, ಇದನ್ನು ಮರಳಿ ಪಡೆಯಲಾಗದು ಎಂದು ಬಂತು.

ಆ ರಾತ್ರಿ ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ. ಮರುದಿನ ಭಾನುವಾರ. ಸೋಮವಾರದಿಂದ ಎಂದಿನಂತೆ ಕೆಲಸಕ್ಕೆ ಹೋದೆ. ಇದನ್ನೂ ಬರೆಯಬೇಕು. ಹೋದೆ, ಉಳಿದ ರಿಜಿಸ್ಟರುಗಳನ್ನು ಏರಿಸಿದೆ. ತಾಯಿ ಮಗಳು, ಅಕ್ಕ ತಂಗಿ ಎಂದು ಅನುಮಾನ ಬಂದ ಕಡೆಯೆಲ್ಲ ಏನೂ ಕೇಳದೆ ಒಂದೇ ಪುಟಕ್ಕೆ ಏರಿಸಿದೆ.

ಮಾರ್ಗಳಿ ತಿಂಗಳ, ಎಂದರೆ ಧನುರ್ಮಾಸದ, ಒಂದು ಸಂಜೆ ನಾಗಮ್ಮ ನಮ್ಮ ಮನೆಗೆ ಬಂದರು. ಅತ್ತೆಗೆ ಅವರ ಪರಿಚಯವಿತ್ತು. ಮದುವೆ ಮನೆಗಳಲ್ಲಿ ಒಟ್ಟಿಗೆ ತರಕಾರಿ ಹೆಚ್ಚಿದವರು. ಅತ್ತೆ ಮಗ್ಗದ ಸ್ವಿಚ್ಚು ಆರಿಸಿ ಬಂದು ಕುಳಿತರು. ನಾಗಮ್ಮ ಕುಳಿತುಕೊಳ್ಳಲಿಲ್ಲ. ಗೋಡೆ ಹಿಡಿದು ನಿಂತು, ಮಕ್ಕಳನ್ನು ಕರೆಯುವ ಹಾಗೆ ‘ಕಣ್ಣು’ ಎಂದು ಕರೆದು ನನ್ನನ್ನೇ ಕೇಳಿದರು.

“ಕಂಪ್ಯೂಟರ್ನಲ್ಲಿ ಬರೆಯೋಳು ನೀನಂತೆ ಕಣ್ಣು. ಸುಧಾ ಹೇಳ್ತಿದ್ಲು, ನಮ್ಮಾತು ಆಡೋ ಅಕ್ಕ ಒಬ್ರು ಬಂದವ್ರೆ, ಸುದ್ದಿ ಓದಿದಂಗೆ ಮಾತಾಡ್ತಾರೆ ಅಂತ. ನೀನೇ ತಾನೆ?”

“ನಾನೇ ಅಮ್ಮಾ.”

“ನಾಲ್ಕು ವರ್ಷ ದಿನಾ ನಾಲ್ಕಕ್ಕೆ ಎದ್ದು ಅನ್ನ ಮಾಡಿ ಡಬ್ಬಿ ಕಟ್ಟಿವ್ನಿ. ಬಾಗಿಲ ತನಕ ಹೋಗಿ ವ್ಯಾನಿಗೆ ಹತ್ತಿಸಿವ್ನಿ. ಅಲ್ಲಿ ಅವಳು ಇರ್ಲೇ ಇಲ್ಲ ಅಂತಾರೆ. ಇಲ್ಲಾಂದ್ರೆ ನಾನು ದಿನಾ ಎಲ್ಲಿಗೆ ಕಳಿಸ್ದೆ? ಅದನ್ನಾದ್ರೂ ಹೇಳ್ಲಿ ಅವ್ರು.”

ಅತ್ತೆ ಅಳತೊಡಗಿದರು. ನಾಗಮ್ಮ ಅಳಲಿಲ್ಲ. ಉತ್ತರಕ್ಕಾಗಿ ಕಾಯುತ್ತಿದ್ದರು. ಅವರು ಕೇಳಿದ್ದು ನಿಜವಾಗಿಯೂ ಪ್ರಶ್ನೆಯೇ ಆಗಿತ್ತು.

ನಾನು ಎಲ್ಲವನ್ನೂ ಹೇಳಿದೆ. ವಿಳಾಸ ಕೊಟ್ಟದ್ದು, ಹುಡುಕಿ ಇಲ್ಲವೆಂದದ್ದು, ಬುಧವಾರ ಎಂದು ಹಾಕಿದ್ದು, ಬೆರಳು ಅಳಿಸಿದ್ದು. ಅರ್ಧದಲ್ಲಿ ಅತ್ತೆಯ ಅಳು ನಿಂತಿತು. ನಾಗಮ್ಮ ಹೋದ ಮೇಲೆ ಅತ್ತೆ ಒಂದೇ ಮಾತು ಅಂದರು: “ನಮ್ ಮಾತು ಆಡ್ತಿದ್ದೆ ಅವಳ ಕೂಡ.” ಆಮೇಲೆ ಹೋಗಿ ಮಗ್ಗದ ಸ್ವಿಚ್ಚು ಹಾಕಿದರು.

ಮರುದಿನ ಮಿಲ್ಲಿಗೆ ಹೋಗಿ, ಚೆನ್ನೈನವರು ಹೇಳಿಕೊಟ್ಟಿದ್ದ ಎರಡನೆಯ ಪುಟವನ್ನು ತೆರೆದೆ. ಅಲ್ಲಿ ಎಲ್ಲವೂ ಇತ್ತು. ಕೆಲಸ ಬಿಟ್ಟದ್ದು ಬುಧವಾರ, ಹಾಗೆಂದು ಬರೆದದ್ದು ಶನಿವಾರ, ಬರೆದವಳು ನಾನು. ಬೆರಳಚ್ಚು ಅಳಿಸಿದ್ದು ಶನಿವಾರ, ಅಳಿಸಿದವಳು ನಾನು. ಅದನ್ನು ಪ್ರಿಂಟ್ ತೆಗೆದು ನೋಟ್‌ಬುಕ್ಕಿನೊಳಗೆ ಮಡಚಿಟ್ಟುಕೊಂಡು ಬಂದೆ. ಮತ್ತೆ ಹೋಗಲಿಲ್ಲ. ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿ, ನನ್ನ ಪುಟದಲ್ಲೂ ಒಂದು ಸಾಲು ಬಂದಿದೆಯೆಂದು ತಿಳಿಸಿದರು. ತಾನಾಗಿ ಕೆಲಸ ಬಿಟ್ಟಿದ್ದಾರೆ, ಸ್ವಂತ ಇಚ್ಛೆ. ನನ್ನ ವಿಷಯದಲ್ಲಿ ಮಾತ್ರ ಅದು ಸುಳ್ಳಲ್ಲ.

ನಾಗಮ್ಮ ಕೊಟ್ಟ ದೂರಿನ ವಿಚಾರಣೆ ಕೊಯಮತ್ತೂರಿನಲ್ಲಿ, ಕಾರ್ಮಿಕರ ದೂರು ಕೇಳುವ ಕಚೇರಿಯಲ್ಲಿ ನಡೆಯಿತು. ವ್ಯಾನಿನಲ್ಲಿ ಗಾಯಗೊಂಡ ಇಬ್ಬರು ಹೆಂಗಸರಿಗೂ ಬರಲು ತಿಳಿಸಿದ್ದರು. ಬರಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಮನೆಗಳಲ್ಲೂ ಬಿಲ್ಲೆಗಳಿದ್ದವು. ಅಧಿಕಾರಿ ನಡುವಯಸ್ಸಿನ ಹೆಂಗಸು, ತಾಳ್ಮೆಯಿಂದ ಕೇಳಿದರು. ನಾನು ಕೊಟ್ಟ ಪ್ರಿಂಟನ್ನು ಎರಡು ಸಲ ಓದಿದರು.

“ದಾಖಲೆ ಆಮೇಲೆ ಬದಲಾಯಿಸಿದ್ದು ಇದರಿಂದ ಗೊತ್ತಾಗುತ್ತದೆ. ಆದರೆ ಇದರಲ್ಲಿರುವುದು ಧನಲಕ್ಷ್ಮಿ. ಧನಲಕ್ಷ್ಮಿ ಇಲ್ಲೇ ಕೂತಿದ್ದಾರೆ. ಸತ್ತುಹೋದ ಸುಧಾ ಅಲ್ಲಿ ಕೆಲಸ ಮಾಡುತ್ತಿದ್ದರು ಅಂತ ನಿಮಗೆ ಹೇಗೆ ಗೊತ್ತು?”

“ಅವಳೇ ಹೇಳಿದಳು.”

“ಯಾರ ಎದುರಿಗೆ?”

“ಹೊರಗೆ ತುಂಬ ಜನ ಸಾಲಿನಲ್ಲಿದ್ದರು. ಅವಳು ಹೇಳಿದ್ದು ಕನ್ನಡದಲ್ಲಿ. ಯಾರಿಗೂ ಅರ್ಥವಾಗಿರುವುದಿಲ್ಲ.”

“ಬೇರೆ ಸಾಕ್ಷಿ?”

“ಅವಳ ಬೆರಳು ಯಂತ್ರದಲ್ಲಿತ್ತು.”

“ಈಗ?”

“ನಾನೇ ಅಳಿಸಿದೆ.”

ಮಿಲ್ಲಿನ ವಕೀಲರು ಏನನ್ನೋ ಬರೆದುಕೊಂಡರು. ಅಧಿಕಾರಿ ಪೆನ್ನು ಕೆಳಗಿಟ್ಟರು. ನನ್ನ ತೊಡೆಯ ಮೇಲೆ ನೋಟ್‌ಬುಕ್ಕಿತ್ತು. ಪ್ರಿಂಟನ್ನು ಅದರಲ್ಲಿ ಇಟ್ಟುಕೊಂಡು ಹೋಗಿದ್ದೆ, ಅಷ್ಟೇ. ಅದರೊಳಗೆ ಏನಿದೆ ಎಂಬುದು ಆ ಗಳಿಗೆಯಲ್ಲಿ ನನಗೆ ಹೊಳೆಯಿತು. ಬೆರಳಿನ ಪಟ್ಟಿಯ ಹಾಳೆ ತೆರೆದು ಮೇಜಿನ ಮೇಲಿಟ್ಟೆ.

ಅವರು ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. “ಇದೇನು, ತೆಲುಗಾ?”

“ಕನ್ನಡ ಮೇಡಂ. ಇನ್ನೂರ ಹದಿನಾಲ್ಕು, ಸುಧಾ, ಎಡಗೈ ಉಂಗುರ ಬೆರಳು ಅಂತ ಬರೆದಿದೆ.”

ವಕೀಲರು ಎದ್ದು ನಿಂತು ಆಕ್ಷೇಪಿಸಿದರು. ಇದು ಖಾಸಗಿ ನೋಟ್‌ಬುಕ್ಕು, ಯಾವಾಗ ಬೇಕಾದರೂ ಬರೆದಿರಬಹುದು, ಇವರೂ ದೂರುದಾರರೂ ಒಂದೇ ಭಾಷೆಯವರು. ಅವರು ಹೇಳಿದ್ದರಲ್ಲಿ ಯಾವುದೂ ಅಸಾಧ್ಯವಲ್ಲ. ಅಧಿಕಾರಿ ಆ ಸಾಲನ್ನು ತಮಿಳಿನಲ್ಲಿ ಬರೆದು ಸಹಿ ಮಾಡಲು ನನಗೆ ಹೇಳಿದರು. ಮಾಡಿದೆ. ನೋಟ್‌ಬುಕ್ಕನ್ನು ಕಡತಕ್ಕೆ ಸೇರಿಸಿಕೊಂಡು ಮುಂದಿನ ದಿನಾಂಕ ಕೊಟ್ಟರು. ಅದಾದ ಮೇಲೂ ಹಲವು ದಿನಾಂಕಗಳಾಗಿವೆ. ತೀರ್ಪು ಇನ್ನೂ ಬಂದಿಲ್ಲ.

ನೋಟ್‌ಬುಕ್ಕನ್ನು ಒಳಗೆ ತೆಗೆದುಕೊಂಡು ಹೋಗುವ ಮೊದಲು ನಾಗಮ್ಮ ಮೇಜಿನ ಹತ್ತಿರ ಬಂದರು. ಅಧಿಕಾರಿ ತಡೆಯಲಿಲ್ಲ. ನಾಗಮ್ಮನಿಗೆ ಯಾವ ಅಕ್ಷರವೂ ಗೊತ್ತಿಲ್ಲ, ತಮಿಳೂ ಇಲ್ಲ. ಹಾಳೆಯ ಮೇಲೆ ಬಗ್ಗಿ ನೋಡಿದರು. ಇಪ್ಪತ್ತೆಂಟು ಸಾಲುಗಳಿದ್ದವು.

“ಇದ್ರಾಗೆ ಅವಳು ಎಲ್ಲವ್ಳೆ ಕಣ್ಣು?”

ನಾನು ಬೆರಳಿಟ್ಟು ತೋರಿಸಿದೆ. ನೀಲಿ ಬಾಲ್‌ಪೆನ್ನಿನಲ್ಲಿ ಅವಸರದಲ್ಲಿ ಬರೆದದ್ದು. ಎರಡು ಅಕ್ಷರ.

ಅವರು ಅದನ್ನು ನೋಡಿದರು. ಮುಂದೆ ಇನ್ನೇನಾದರೂ ಇದೆಯೇನೋ ಎಂದು ಸಾಲಿನ ಕೊನೆಯವರೆಗೂ ನೋಡಿ, ಮತ್ತೆ ಅಲ್ಲಿಗೇ ಬಂದರು.

“ಇಷ್ಟೇನಾ?” ಎಂದರು.